ಕರುಣೆಗೆ ಇಪ್ಪತ್ತು ಅಂಕ

ಅಳುವುದು ನನ್ನ ಉದ್ಯೋಗ. ನಾಟಕ ಕಂಪನಿ ಮುಚ್ಚಿದ ಮೇಲೆ ಹನ್ನೊಂದು ವರ್ಷದಿಂದ ವೈದ್ಯಕೀಯ ಕಾಲೇಜಿನಲ್ಲಿ ಅಳುತ್ತಿದ್ದೇನೆ. ಅಲ್ಲಿ 'ಕರುಣೆ' ಅಂತ ಒಂದು ಪರೀಕ್ಷೆ, ಇಪ್ಪತ್ತು ಅಂಕದ್ದು. ನಾನು ರೋಗಿಯ ತಾಯಿಯಾಗಿ ಕೂರುತ್ತೇನೆ. ವಿದ್ಯಾರ್ಥಿಗಳು ಒಬ್ಬೊಬ್ಬರೇ ಬಂದು, ನಿಮ್ಮ ಮಗ ತೀರಿಕೊಂಡ ಅಂತ ಹೇಳಬೇಕು. ಕುರ್ಚಿ ಹತ್ತಿರ ಎಳೆದುಕೊಂಡರೇ, ಫೋನ್ ಆಫ್ ಮಾಡಿದರೇ, 'ನಿಮಗೆ ಎಷ್ಟು ಗೊತ್ತಿದೆ' ಅಂತ ಮೊದಲು ಕೇಳಿದರೇ, ಸುದ್ದಿಗೆ ಮುಂಚೆ ಐದು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೇ, ಕೊನೆಗೆ ಭುಜ ಮುಟ್ಟಿದರೇ? ನೋಡಿ ಅಂಕ ಹಾಕುವವಳೂ ನಾನೇ.

ಮನೆಯಲ್ಲಿ ಅಕ್ಕ ಡಾಕ್ಟರ ಪಾತ್ರ ಮಾಡಿ ನನಗೆ ಅಭ್ಯಾಸ ಮಾಡಿಸುತ್ತಿದ್ದಳು. ಅಮ್ಮ ಸತ್ತಾಗ ನನಗೆ ಆರು ವರ್ಷ, ಸಾಕಿದವಳು ಅವಳೇ. ಈರುಳ್ಳಿ ಹೆಚ್ಚುತ್ತಾ ಐದು ಎಣಿಸುವುದರೊಳಗೆ ನಗು ತಡೆಯಲಾರದೆ, "ಅಲ್ಲ ಕಣೇ, ಈ ಗ್ಯಾಪಲ್ಲಿ ಒಂದು ನಿದ್ದೆ ತೆಗೆದು ಬರಬಹುದು. ಪಾಪ, ಆ ತಾಯಿ ಗತಿ ಏನು?" ಅನ್ನುವಳು. "ನಿಂಗೇನು ಗೊತ್ತು, ಸುಮ್ನೆ ಎಣಿಸು" ಅಂತ ರೇಗುತ್ತಿದ್ದೆ.

ಹೋದ ವರ್ಷ ಪರೀಕ್ಷೆಗೆ ಒಬ್ಬ ಹುಡುಗಿ ಬಂದಳು. ಬಾಯಿ ತೆರೆದರೂ ಮಾತು ಹೊರಡಲಿಲ್ಲ. ನೆಲದ ಮೇಲೇ ಕೂತು ನನ್ನ ಎರಡೂ ಕೈ ಹಿಡಿದುಕೊಂಡು, "ಹೋಗ್ಬಿಟ್ಟ ಅಮ್ಮಾ" ಅಂತ ಬಿಕ್ಕಿದಳು. ಅವಳ ಅಂಗೈ ಬೆವರಿತ್ತು. ನನಗೆ ಮೈಯೆಲ್ಲ ಉರಿಯಿತು. ಅಳುವುದು ನನ್ನ ಕೆಲಸ, ಇವಳದ್ದೇನು ನಡುವೆ? ಸೊನ್ನೆ ಸುತ್ತಿದೆ. ಸಾಲದ್ದಕ್ಕೆ ತರಗತಿಯಲ್ಲಿ ಎಲ್ಲರೆದುರು ಅವಳು ಬಿಕ್ಕಿದ್ದನ್ನು ಅಣಕಿಸಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ಫೇಲಾದಳು.

ಅವಳ ಹಿಂದೆಯೇ ಬಂದವನಿಗೆ ಗಿಳಿ ಅಂತ ಹೆಸರಿಟ್ಟವಳೂ ನಾನೇ. ಒಂದು ಹಂತವನ್ನೂ ತಪ್ಪಿಸಲಿಲ್ಲ. ನಾನು ಬೇಕೆಂತಲೇ "ಬೇಗ ಹೇಳಪ್ಪಾ" ಅಂತ ಗೋಗರೆದರೂ ಅಲುಗಾಡದೆ ಐದು ಎಣಿಸಿದ. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟು ಬೆನ್ನು ತಟ್ಟಿದೆ.

ಈ ವರ್ಷ ಅಕ್ಕನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಆಪರೇಷನ್ನಿಗೆ ಅದೇ ಕಾಲೇಜಿನ ಆಸ್ಪತ್ರೆಗೆ ಸೇರಿಸಿದೆ. "ಗಂಟೆ ಹೊತ್ತಿನ ಕೆಲಸಕ್ಕೆ ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ನಿನ್ನ ಅಳು ಪರೀಕ್ಷೆಗೆ ಇಟ್ಕೋ" ಅಂತ ಗದರಿ, ಸ್ಟ್ರೆಚರ್ ಮೇಲೆ ಮಲಗಿ ಒಳಗೆ ಹೋದಳು. ಮೂರು ಗಂಟೆ ಕಳೆಯಿತು.

ಬಾಗಿಲು ತೆರೆದು ಗಿಳಿ ಬಂದ. ಈಗ ಡಾಕ್ಟರು. ಅವನ ಹಿಂದೆ ಫೈಲು ಹಿಡಿದುಕೊಂಡು ಆ ಹುಡುಗಿ, ಇನ್ನೂ ವಿದ್ಯಾರ್ಥಿನಿ. ಗಿಳಿ ಕುರ್ಚಿ ಎಳೆದುಕೊಂಡ. ಫೋನ್ ಆಫ್ ಮಾಡಿದ.

"ಅಕ್ಕ ಹೇಗಿದ್ದಾಳೆ?"

"ನಿಮಗೆ ಎಷ್ಟು ಗೊತ್ತಿದೆ ಅಂತ ಮೊದಲು ಹೇಳಿ ಅಮ್ಮಾ."

"ಬದುಕಿದ್ದಾಳಾ, ಇಲ್ವಾ? ಬೇಗ ಹೇಳಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ!"

ಅವನ ತುಟಿಯಂಚಿನಲ್ಲಿ ಗುರುತಿನ ನಗು ಸುಳಿಯಿತು. ಈ ಘಟ್ಟ ಅವನಿಗೆ ಚೆನ್ನಾಗಿ ನೆನಪಿತ್ತು. "ಸುದ್ದಿ ಒಳ್ಳೇದಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದು ಸುಮ್ಮನಾದ.

ಒಂದು. ಎರಡು. ಈರುಳ್ಳಿ ಹೆಚ್ಚುತ್ತಾ ನಗುವ ಅಕ್ಕ ಕಣ್ಣ ಮುಂದೆ ಬಂದಳು. ಮೂರು. ಪಾಪಿ, ಹೇಳೋ! ನಾಲ್ಕು. ಐದು.

"ನಿಮ್ಮ ಅಕ್ಕ ತೀರಿಕೊಂಡರು."

ಬಾಯಿ ತೆರೆದೆ. ಹನ್ನೊಂದು ವರ್ಷ ಕೇಳಿದಾಗಲೆಲ್ಲ ಬಂದ ಅಳು ಒಂದು ಹನಿಯೂ ಬರಲಿಲ್ಲ. ಹುಡುಗಿ ಫೈಲನ್ನು ಕೆಳಗಿಟ್ಟು ಓಡಿ ಬಂದು ನೆಲಕ್ಕೆ ಮಂಡಿಯೂರಿದಳು. ಆ ಬೆವರಿದ ಅಂಗೈ ನನಗೆ ಬೇಕಾಗಿತ್ತು, ಪ್ರಪಂಚದಲ್ಲಿ ಇನ್ನೇನೂ ಬೇಡವಾಗಿತ್ತು.

"ಏಯ್, ಎದ್ದೇಳು. ಹೊರಗಿರು" ಅಂದ ಗಿಳಿ. "ಇದರಲ್ಲೇ ಫೇಲಾದವಳು ನೀನು."

ಅವಳು ನನ್ನ ಮುಖ ನೋಡಿದಳು. ಇರಲಿ ಬಿಡಪ್ಪಾ ಅನ್ನಬೇಕಿತ್ತು. ಗಂಟಲು ಕಟ್ಟಿತ್ತು. ಅವಳು ಎದ್ದು ಹೊರಗೆ ಹೋದಳು.

ಗಿಳಿ ನನ್ನ ಭುಜದ ಮೇಲೆ ಕೈಯಿಟ್ಟು, ಮೂರು ಎಣಿಸಿ, ತೆಗೆದ. ಫೋನ್ ಮತ್ತೆ ಆನ್ ಮಾಡುತ್ತಾ ತಗ್ಗಿದ ದನಿಯಲ್ಲಿ ಕೇಳಿದ: "ನಿಜವಾದ ಮನೆಯವರಿಗೆ ಹೇಳಿದ್ದು ಇದೇ ಮೊದಲು ಅಮ್ಮಾ. ಸರಿಯಾಗಿ ಬಂತಾ?"

ಕಟ್ಟಿದ್ದ ಗಂಟಲು ಆಗ ತೆರೆಯಿತು.

"ಇಪ್ಪತ್ತಕ್ಕೆ ಇಪ್ಪತ್ತು" ಅಂದೆ.