ತೃಷಾಳ ತಾರೀಕು

"ಹೆಸರು ತೆಗೀರಿ, ಬೇಡ ಅನ್ನುವುದಿಲ್ಲ. ತಾರೀಕು ಒಂದು ಹಾಗೇ ಇರ್ಲಿ," ಎಂದಳು ಬೇಬಿ.

ಕಾಪುವಿನ ಆಧಾರ್ ಕೇಂದ್ರದ ಸೋಫಿಯಾ ಕೀಬೋರ್ಡಿನ ಮೇಲಿದ್ದ ಕೈ ತೆಗೆದು ಅವಳನ್ನೇ ನೋಡಿದಳು. ಹೆಸರು ತಪ್ಪಾಗಿದೆ, ತಾರೀಕು ತಪ್ಪಾಗಿದೆ ಎಂದು ಜಗಳಕ್ಕೆ ಬರುವವರನ್ನು ಸೋಫಿಯಾ ದಿನಾ ಕಾಣುತ್ತಿದ್ದಳು. ತಪ್ಪನ್ನು ಉಳಿಸಿಕೊಡಿ ಎಂದು ಕೇಳುವವರನ್ನು ಕಂಡಿರಲಿಲ್ಲ.

"ಹಾಗೆ ಆಗ್ಲಿಕ್ಕಿಲ್ಲ ಬೇಬಿಯಕ್ಕ. ಹೊಸ ಜನನ ಪತ್ರದಲ್ಲಿ ಎಂತ ಉಂಟೋ ಅದನ್ನೇ ಹಾಕ್ಬೇಕು. ಹೆಸರು ಮೋಕ್ಷಾ, ತಾರೀಕು ಸಹ ಮೋಕ್ಷಾನದ್ದೇ."

"ಅಮ್ಮಾ," ಪಕ್ಕದ ಕುರ್ಚಿಯಲ್ಲಿದ್ದ ಮಗಳು ಮೋಕ್ಷಾ ತಗ್ಗಿದ ಸ್ವರದಲ್ಲಿ ಹೇಳಿದಳು. "ಮನೆಯಲ್ಲಿ ಎಲ್ಲ ಮಾತಾಡಿ ಆಗಿದೆ ಅಲ್ವಾ?"

ಮಾತಾಡಿ ಆಗಿತ್ತು, ನಿಜ. ಮಾತಾಡಿದ್ದೆಲ್ಲ ಮನಸ್ಸಿಗೆ ಒಪ್ಪಿಗೆಯಾಗಬೇಕೆಂಬ ಕಾನೂನು ಎಲ್ಲಿದೆ?

ಬೇಬಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ತೃಷಾ ಉಡುಪಿಯ ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ಅವಳ ಜನನ ಪತ್ರ ಹೆಚ್ಚು ಓಡಾಟವಿಲ್ಲದೆ ಕೈಗೆ ಬಂದಿತ್ತು. ಎರಡನೆಯವಳು ಮೋಕ್ಷಾ ಉಚ್ಚಿಲದ ಮನೆಯಲ್ಲೇ, ರಿಕ್ಷಾ ಬಂದು ನಿಲ್ಲುವ ಮೊದಲೇ ಹುಟ್ಟಿಬಿಟ್ಟಳು. ಅವಳದ್ದನ್ನು ಬರೆಸಲಿಕ್ಕೆ ಇಂದು ಹೋಗುವ, ನಾಳೆ ಹೋಗುವ ಎನ್ನುತ್ತಲೇ ದಿನ ಹೋಯಿತು. ಅಷ್ಟರಲ್ಲಿ ತೃಷಾ ಮೂರು ತುಂಬುವ ಮೊದಲೇ ಜ್ವರದಲ್ಲಿ ತೀರಿಕೊಂಡಳು. ಅದನ್ನೂ ಯಾರೂ ಬರೆಸಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ಮನೆಯಲ್ಲಿ ಪಂಚಾಯತಿನ ನೆನಪು ಯಾರಿಗೆ ಬರುತ್ತದೆ?

ಮುಂದೆ ಮೋಕ್ಷಾಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜನನ ಪತ್ರ ಕೇಳಿದರು. ಬೇಬಿಯ ಗಂಡ ಸುಂದರನಿಗೆ ಬೋಟು ಹೊರಡುವ ಅವಸರ. ಮನೆಯಲ್ಲಿದ್ದ ಒಂದೇ ಪತ್ರವನ್ನು ಕೊಟ್ಟು ಬಂದ. "ಇಬ್ಬರೂ ನಮ್ಮ ಮಕ್ಕಳೇ ಅಲ್ವಾ ಮಾರಾಯ್ತಿ, ಸರಕಾರಕ್ಕೆಂತ ನಷ್ಟ?" ಎಂದಿದ್ದ. ಈಗ ಆ ಪುಣ್ಯಾತ್ಮನೂ ಇಲ್ಲ.

ಹೀಗೆ ಮನೆಯ ಮೋಕ್ಷಾ ಶಾಲೆಯಲ್ಲಿ ತೃಷಾ ಆದಳು. ಪ್ರಾಯ ಸಾಲದ ಹುಡುಗಿ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಶಾಲೆಯಿಂದ ಆಧಾರ್‌ಗೆ, ಆಧಾರ್‌ನಿಂದ ಬ್ಯಾಂಕಿಗೆ, ಕಾಲೇಜಿಗೆ ಆ ಹೆಸರು ಹಿಂಬಾಲಿಸಿತು. ಬೇಬಿ ಬೇಡವೆನ್ನಲಿಲ್ಲ. ಬೇಡವೆನ್ನುವುದು ಹಾಗಿರಲಿ, ವಾರ್ಷಿಕೋತ್ಸವದ ಮೈಕಿನಲ್ಲಿ "ತೃಷಾ, ಉಚ್ಚಿಲ" ಎಂದು ಕರೆದಾಗ ಅವಳ ಎದೆ ತುಂಬಿ ಬರುತ್ತಿತ್ತು. ವರ್ಷ ವರ್ಷ ತೃಷಾಳ ತಾರೀಕಿಗೆ ಪಾಯಸ ಮಾಡಿದಳು. ಮೋಕ್ಷಾ ಕುಡಿದಳು, ಮೋಕ್ಷಾ ಬೆಳೆದಳು. ಅವಳ ಜೊತೆಗೆ ಹಿರಿಯವಳೂ ಬೆಳೆಯುತ್ತಿದ್ದಾಳೆ ಎಂಬ ಸಮಾಧಾನದಲ್ಲಿ ಬೇಬಿ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದಳು.

ತುಳುನಾಡಿನಲ್ಲಿ ಇದು ಬರೀ ತಾಯಿಯ ಭ್ರಮೆಯಲ್ಲ, ನಂಬಿಕೆ. ಮಕ್ಕಳಾಗಿ ಸತ್ತವರೂ ಮನೆಯವರ ಜೊತೆ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ. ಹಾಗೆ ಸತ್ತ ಗಂಡಿಗೆ ಹಾಗೆ ಸತ್ತ ಹೆಣ್ಣು ಹುಡುಕಿ, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದುಂಟು. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ಉಜ್ವಲ್‌ನೊಂದಿಗೆ ಮೋಕ್ಷಾಳ ಮದುವೆ ನಿಶ್ಚಯವಾಗಿ, ದಿನ ಇಟ್ಟಾಗಲೆಲ್ಲ ಒಂದೊಂದು ವಿಘ್ನ ಬಂತು. ಬೇಬಿಯ ಅಣ್ಣ ಗುಣಪಾಲ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಬಂದು, "ಹಿರಿಯವಳದ್ದು ಆಗದೆ ಕಿರಿಯವಳದ್ದು ಆಗ್ಲಿಕ್ಕಿಲ್ಲ," ಎಂದ. ಗಂಡೂ ಸಿಕ್ಕಿತು. ಕಾರ್ಕಳದಲ್ಲಿ ಮೀನಿನ ಅಂಗಡಿ ಇಟ್ಟಿರುವ ವಾರಿಜಾಳ ಮಗ ಅಖಿಲ್, ಹಾಲು ಕುಡಿಯುವ ಪ್ರಾಯದಲ್ಲೇ ಹೋದವನು.

ಹೆಣ್ಣಿನ ಮನೆ ನೋಡಲು ಬಂದ ವಾರಿಜಾ ಚಾ ಕುಡಿದಳು, ಒಳ್ಳೆಯ ಮಾತಾಡಿದಳು. ಏಳುವಾಗ ಗೋಡೆಯ ಮೇಲಿದ್ದ ಕಾಲೇಜಿನ ಫೋಟೋ ಕಣ್ಣಿಗೆ ಬಿತ್ತು. ಮೋಕ್ಷಾ ನಗುತ್ತಿದ್ದ ಆ ಫೋಟೋದ ಕೆಳಗೆ ತೃಷಾ ಎಂದು ಬರೆದಿತ್ತು. ವಿಷಯ ಕೇಳಿದ ಮೇಲೆ ಅವಳು ಚೀಲ ಎತ್ತಿಕೊಂಡಳು.

"ಬೇಜಾರು ಮಾಡ್ಬೇಡಿ ಬೇಬಿಯಕ್ಕ. ಜೀವ ಇರುವವಳ ಹೆಸರಿಗೆ ನನ್ನ ಮಗನ ಕರಿಮಣಿ ಕಟ್ಟುವುದು ಹೇಗೆ? ನಾಳೆ ಈ ಹುಡುಗಿಗೆ ಎಂತಾದ್ರೂ ಆದ್ರೆ?"

ಸುದ್ದಿ ಉಜ್ವಲ್‌ನ ತಾಯಿಯ ಕಿವಿಗೂ ಹೋಯಿತು. ಹೆಸರು ಬಿಡಿಸಿಕೊಳ್ಳದೆ ಎರಡು ಮದುವೆಯೂ ಇಲ್ಲ ಎಂದಾಯಿತು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರಿಗೆ ಆಧಾರ್ ತಿದ್ದಿಸುವ ಯೋಗ ಬಂದಿರಲಿಲ್ಲ. ಗುಣಪಾಲ ಪಂಚಾಯತಿಗೂ ಉಡುಪಿಯ ಕೋರ್ಟಿಗೂ ಓಡಾಡಿ ಚಪ್ಪಲಿ ಸವೆಸಿದ. ಮೋಕ್ಷಾ ಹುಟ್ಟಿದ್ದನ್ನು ಈಗ ಬರೆಸಬೇಕು, ತೃಷಾ ಸತ್ತದ್ದನ್ನು ಈಗ ಬರೆಸಬೇಕು. ಅದಕ್ಕೆ ತಾಯಿಯ ಹೇಳಿಕೆ ಬೇಕು. "ನನ್ನ ಹಿರಿಯ ಮಗಳು ತೃಷಾ..." ಎಂದು ಶುರು ಮಾಡಿದ ಬೇಬಿಗೆ ಮುಂದಿನ ಮಾತು ಬರಲೇ ಇಲ್ಲ. ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊನೆಗೆ ವಕೀಲರು ಬರೆದರು, ಅವಳು ಸಹಿ ಹಾಕಿದಳು.

ಈಗ ಉಳಿದದ್ದು ಇದೊಂದೇ. ಸೋಫಿಯಾ ಕಾಯುತ್ತಿದ್ದಳು, ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು.

"ಹೆಸರು ವಾರಿಜಕ್ಕನ ಮನೆಗೆ ಹೋಗ್ಲಿ," ಎಂದಳು ಬೇಬಿ ಮತ್ತೆ. "ತಾರೀಕಿಗೆ ಯಾರೂ ಏನೂ ಹೇಳ್ಲಿಲ್ಲ. ಅದೊಂದು ನನಗೆ ಬಿಡಿ."

ಮೋಕ್ಷಾ ಕುರ್ಚಿಯನ್ನು ತಾಯಿಯ ಕಡೆ ತಿರುಗಿಸಿದಳು. "ನನ್ನ ಹುಟ್ಟಿದ ದಿನ ನಿನಗೆ ನೆನಪುಂಟಾ ಅಮ್ಮಾ?"

"ಇಲ್ಲದೆ ಎಂತ? ಹೆತ್ತವಳಿಗೆ ನೆನಪಿರುವುದಿಲ್ವಾ?"

"ಆ ದಿನ ಒಂದು ಸಲ ಆದ್ರೂ ಪಾಯಸ ಮಾಡಿದ್ದಿಯಾ?"

ಬೇಬಿ ಮಾಡಿರಲಿಲ್ಲ. ಆ ದಿನ ಬಂದಾಗ ನೆನಪಾಗುತ್ತಿತ್ತು, ಖಂಡಿತ. ನೆನಪಾಗಿ, ಎಂದಿನಂತೆ ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಎರಡೆರಡು ಸಲ ಹುಟ್ಟಿದ ದಿನ ಮಾಡಿದರೆ ಮೊದಲನೆಯದು ಸುಳ್ಳಾಗುತ್ತದೆ ಎಂಬ ಹೆದರಿಕೆ. ಮಗಳ ಕಣ್ಣು ತುಂಬಿತ್ತು. ಈ ಹುಡುಗಿ ಎಂದೂ ಒಂದು ಮಾತು ಕೇಳಿರಲಿಲ್ಲ. ಅಕ್ಕನ ಹೆಸರಿಗೆ ಓಗೊಟ್ಟು, ಅಕ್ಕನ ಪಾಯಸ ಕುಡಿದು, ಸುಮ್ಮನೆ ಬೆಳೆದಿದ್ದಳು.

"ಹಾಕು ಮಗಾ," ಎಂದಳು ಸೋಫಿಯಾಳಿಗೆ. "ಪತ್ರದಲ್ಲಿ ಇದ್ದ ಹಾಗೆಯೇ ಹಾಕು."

ಸೋಫಿಯಾ ಟೈಪ್ ಮಾಡಿದಳು. ಮೋಕ್ಷಾ ಬೆರಳೊತ್ತಿದಳು. ಎಲ್ಲ ಮುಗಿದ ಮೇಲೆ, ಬಂದವರಿಗೆ ಕಾಣುವಂತೆ ಇಟ್ಟಿದ್ದ ಇನ್ನೊಂದು ಪರದೆಯನ್ನು ಸೋಫಿಯಾ ಬೇಬಿಯ ಕಡೆ ತಿರುಗಿಸಿದಳು. "ನೋಡಿ ಹೇಳಿ, ಸರಿ ಉಂಟಾ?"

ಬೇಬಿ ಒಂದೊಂದೇ ಅಕ್ಷರ ಓದಿದಳು. ಎಲ್ಲ ಸರಿಯಾಗಿತ್ತು. "ತೆಗೆದದ್ದು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದಳು.

"ಎಲ್ಲಿಗೂ ಇಲ್ಲ ಅಕ್ಕ. ಹಳೆಯದರ ಮೇಲೆ ಹೊಸದು ಬರ್ತದೆ, ಅಷ್ಟೇ." ಹೇಳಿದ ಮೇಲೆ ಸೋಫಿಯಾಳಿಗೇ ಯಾಕೋ ಕಸಿವಿಸಿಯಾಗಿ, ಮುಂದಿನವರನ್ನು ಕರೆದಳು.

ಬಸ್ಸಿನಲ್ಲಿ ಮೋಕ್ಷಾ ತಾಯಿಯ ಕೈ ಹಿಡಿದುಕೊಂಡಳು. "ಅಷ್ಟು ಜನರೆದುರು ಕೇಳ್ಬಾರ್ದಿತ್ತು ಅಮ್ಮ."

"ನಿನ್ನದು ತಪ್ಪಿಲ್ಲ," ಎಂದಳು ಬೇಬಿ. "ಒಬ್ಬಳನ್ನು ಉಳಿಸಿಕೊಳ್ತೇನೆ ಅಂತ ಇನ್ನೊಬ್ಬಳದ್ದನ್ನು ಕಸಿದುಕೊಂಡೆ ನಾನು. ಅವಳು ಉಳೀಲಿಲ್ಲ, ನಿನಗೂ ಸಿಗ್ಲಿಲ್ಲ."

ಆಟಿ ತಿಂಗಳ ಒಂದು ಸಂಜೆ ಬೇಬಿಯ ಮನೆಯಲ್ಲಿ ತೃಷಾಳ ಮದುವೆ ನಡೆಯಿತು. ಬಂದವರು ಎರಡೂ ಕಡೆಯ ಹತ್ತಿರದವರು ಮಾತ್ರ. ಗುಣಪಾಲ ಹೊಸ ಆಧಾರ್ ಕಾರ್ಡ್ ತೋರಿಸಲು ಹೋದಾಗ ವಾರಿಜಾ, "ಇರ್ಲಿ ಅಣ್ಣ, ನಿಮ್ಮ ಮಾತೇ ಸಾಕು," ಎಂದಳು. ಎರಡು ಮಣೆ ಹಾಕಿ, ಒಂದರಲ್ಲಿ ಪಂಚೆ ಅಂಗಿ, ಇನ್ನೊಂದರಲ್ಲಿ ಸೀರೆ, ಬಳೆ, ಮಲ್ಲಿಗೆ ಇಟ್ಟಿದ್ದರು. ಸೋದರಮಾವ ಗುಣಪಾಲನೇ ಧಾರೆ ಎರೆದ. ಕರಿಮಣಿಯನ್ನು ಸೀರೆಯ ಮೇಲೆ ಇಟ್ಟಾಗ ಬೇಬಿ ಅಳಲಿಲ್ಲ. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ತಾಯಿ ಅತ್ತರೆ ಮಗಳಿಗೆ ಹೋಗಲು ಮನಸ್ಸು ಬರುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು.

ಊಟವಾಯಿತು. ಸೀರೆ ಬಳೆಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಡಿನ ಕಡೆಯವರ ಕೈಗೆ ಕೊಟ್ಟರು. ಇನ್ನು ಅವಳು ಕಾರ್ಕಳದವಳು. ವರ್ಷ ವರ್ಷ ಅಲ್ಲೇ ಅವಳಿಗೆ ಎಲೆ ಹಾಕಿ ಬಡಿಸುತ್ತಾರೆ. ಉಚ್ಚಿಲದಲ್ಲಿ ಬಡಿಸುವ ಹಾಗಿಲ್ಲ.

ಕಾರಿನಲ್ಲಿ ಕುಳಿತಿದ್ದ ವಾರಿಜಾ ಗಂಟನ್ನು ಹಿಡಿದುಕೊಂಡೇ ಮತ್ತೆ ಇಳಿದು ಬಂದಳು.

"ಬೇಬಿಯಕ್ಕ, ಒಂದು ಕೇಳ್ಲಿಕ್ಕುಂಟು. ಬಡಿಸುವಾಗ ಗೊತ್ತಿರ್ಬೇಕಲ್ಲ. ಸೊಸೆಗೆ ತಿನ್ಲಿಕ್ಕೆ ಎಂತ ಇಷ್ಟ?"

"ಗಂಜಿ. ಮತ್ತೆ ಬೂತಾಯಿ ಮೀನು," ಎಂದಳು ಬೇಬಿ ತಡಮಾಡದೆ. "ಖಾರ ಆಗುವುದಿಲ್ಲ ಅವಳಿಗೆ. ಸಾರಿನಿಂದ ತೆಗೆದು ನೀರಲ್ಲಿ ಒಮ್ಮೆ ತೊಳೀಬೇಕು. ಮುಳ್ಳು ತೆಗೆದು ಕೊಡಿ ವಾರಿಜಕ್ಕ. ಅವಳಿಗೆ ತೆಗೀಲಿಕ್ಕೆ ಬರುವುದಿಲ್ಲ."

"ನಾನೇ ತೆಗೆದು ಕೊಡ್ತೇನೆ," ಎಂದಳು ವಾರಿಜಾ.

ಕಾರಿನೊಳಗೆ ಕುಳಿತು ಗಂಟನ್ನು ಮಡಿಲಲ್ಲಿಟ್ಟುಕೊಂಡು, ಗಾಳಿ ತಾಗದಂತೆ ಅದರ ಮೇಲೆ ಸೆರಗು ಮುಚ್ಚಿದಳು.