ಬೋರ್ಡಿನ ಮೇಲಿನ ಕೆಂಪು ಚುಕ್ಕೆ

ಬೆಳಿಗ್ಗೆ ಹತ್ತೂವರೆಗೆ ಮುನಿಗಂಗಮ್ಮ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿರುವ ಮಿಕ್ಸಿ ರಿಪೇರಿ ಅಂಗಡಿಗೆ ಬಂದು, ಟವೆಲಿನಲ್ಲಿ ಸುತ್ತಿದ್ದ ಗೇಣುದ್ದದ ಆಟಿಕೆ ರೈಲು ಎಂಜಿನ್ನನ್ನು ಮೇಜಿನ ಮೇಲಿಟ್ಟರು.

"ಕೆಂಪರಾಜು, ಇದು ಓಡೋದನ್ನ ಒಂದ್ಸಲ ನೋಡ್ಬೇಕು ಕಣಪ್ಪ."

ಅಂಗಡಿಯ ಕೆಂಪರಾಜು ಎಂಜಿನ್ನನ್ನು ಕಂಡೊಡನೆ ಗುರುತಿಸಿದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಬ್ಬರೂ ಒಂದೇ ಶಿಫ್ಟಿನಲ್ಲಿದ್ದವರು. ವಿದೇಶಕ್ಕೆ ಹೋಗುವ ಇಂಥ ಎಂಜಿನ್‌ಗಳ ಒಳಗಿನ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಭೂತಗನ್ನಡಿಯ ಕೆಳಗೆ ಬೆಸುಗೆ ಹಾಕುತ್ತಿದ್ದರು. ಬೆಸುಗೆಯ ಹೊಗೆ, ಮುಡಿದ ಕನಕಾಂಬರ, ಹತ್ತು ಗಂಟೆಯ ಚಹಾ. ಬಾಗಿಲಾಚೆ ಪರೀಕ್ಷಾ ಕೊಠಡಿ. ಬೋರ್ಡನ್ನು ಎಂಜಿನ್ನಿಗೆ ಕೂರಿಸಿ, ಹಳಿಯ ಮೇಲೆ ಓಡಿಸಿ, ಬಣ್ಣದ ಚುಕ್ಕೆಯಿಡುವುದು ಅಲ್ಲಿ ಕೆಂಪರಾಜುವಿನ ಕೆಲಸ. ಬೆಸುಗೆಯವರನ್ನು ಆ ಕೊಠಡಿಗೆ ಬಿಡುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ದಿನ ಅವರಿಗೆಲ್ಲ ಒಂದೊಂದು ಎಂಜಿನ್ ಕೊಟ್ಟು ಕಳಿಸಿದರು. ಹಳಿ ಕೊಡಲಿಲ್ಲ.

"ಅಷ್ಟು ವರ್ಷ ಕಣ್ಣು ಕಿತ್ಕೊಂಡು ಮಾಡಿದ್ದೀನಿ, ಒಂದೂ ಓಡಿದ್ದು ಕಂಡಿಲ್ಲ. ನೀವು ಒಳಗೆ ಮಜಾ ಮಾಡ್ತಿದ್ರಿ."

"ಎಲ್ಲಿ ಮಜಾ ಗಂಗಕ್ಕ? ಸೂಪರ್‌ವೈಸರ್ ಗೋಪಾಲಪ್ಪ, ಮೇಷ್ಟ್ರ ಥರ ಬೆನ್ನ ಹಿಂದೇನೇ ನಿಂತಿರೋರು."

ಗುಜರಿಗೆ ಹೋಗುತ್ತಿದ್ದ ಪರೀಕ್ಷಾ ಹಳಿಯನ್ನೂ ಎರಡು ವಿದ್ಯುತ್ ಪೆಟ್ಟಿಗೆಗಳನ್ನೂ ಕೆಂಪರಾಜು ಅಂದೇ ಕೇಳಿ ತಂದಿದ್ದ. ಈಗ ಅಟ್ಟದಿಂದ ಇಳಿಸಿ ಧೂಳು ಕೊಡವಿದ. ಆದರೆ ಯಾವ ಪೆಟ್ಟಿಗೆ? ಬೋರ್ಡುಗಳಲ್ಲಿ ಎರಡು ಜಾತಿ, ಒಂದೊಂದಕ್ಕೂ ಬೇರೆ ಪೆಟ್ಟಿಗೆ. ಹಳೆಯದು ಹಳಿಯಿಂದ ನೇರವಾಗಿ ವಿದ್ಯುತ್ ಪಡೆಯುತ್ತದೆ. ಹೊಸದು ಹಳಿಯಲ್ಲಿ ಬರುವ ಸಂಕೇತ ಓದಿ ಓಡುತ್ತದೆ. ಹಳೆಯದನ್ನು ಸಂಕೇತದ ಪೆಟ್ಟಿಗೆಗೆ ಜೋಡಿಸಿದರೆ ಮೊದಲು ಗುಂಯ್ ಎನ್ನುವ ಸದ್ದು, ಆಮೇಲೆ ಹೊಗೆ. ಬದಲಿ ಈಗ ಎಲ್ಲೂ ಸಿಗುವುದಿಲ್ಲ. ಎರಡೂ ನೋಡಲು ಒಂದೇ ಥರ. ವ್ಯತ್ಯಾಸವಿದ್ದ ಜಾಗಕ್ಕೆ ಕಪ್ಪು ಅಂಟು ಸುರಿದಿರುತ್ತಿದ್ದರು. ಗುರುತೆಂದರೆ ಚುಕ್ಕೆ ಮಾತ್ರ. ಹಳೆಯದಕ್ಕೆ ಹಳದಿ, ಹೊಸದಕ್ಕೆ ಕೆಂಪು.

ಕೆಂಪರಾಜು ಎಂಜಿನ್ನಿನ ಚಿಪ್ಪು ಬಿಚ್ಚಿದ. ಬೋರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ.

"ಹೊಸಾದು. ಪುಣ್ಯ ಮಾಡಿದ್ದೀರ."

ಸಂಕೇತದ ಪೆಟ್ಟಿಗೆಯ ವೈರು ಸಿಕ್ಕಿಸಿ, ಎಂಜಿನ್ನನ್ನು ಹಳಿಗೆ ಕೂರಿಸಿದ. ಮುನಿಗಂಗಮ್ಮ ಸ್ಟೂಲನ್ನು ಮುಂದಕ್ಕೆಳೆದುಕೊಂಡರು. ಸ್ವಿಚ್ಚಿಗೆ ಕೈ ಚಾಚಿದಾಗ ಕೆಂಪರಾಜುವಿಗೆ ತನ್ನ ಹೆಬ್ಬೆರಳು ಕಂಡಿತು. ಅದು ಕೆಂಪಾಗಿತ್ತು. ಅವನು ಇಡುತ್ತಿದ್ದ ಬಣ್ಣ ಒಣಗಿದ ಮೇಲೆ ಉಜ್ಜಿದರೂ ಕೈಗೆ ಹತ್ತುತ್ತಿರಲಿಲ್ಲ.

"ಗಂಗಕ್ಕ, ಇದಕ್ಕೆ ಕುಂಕುಮ ಇಟ್ಟಿದ್ರಾ?"

"ಆಯುಧಪೂಜೆಗೆ ಇಡ್ದೇ ಇರ್ತೀನಾ?"

"ಚಿಪ್ಪಿನ ಮೇಲಲ್ವಾ ಇಡೋದು?"

"ಚಿಪ್ಪು ನಾನು ಮಾಡಿದ್ನಾ? ನಾನು ಮಾಡಿದ್ದು ಒಳಗಿರೋದು. ಬಿಚ್ಚಿ ಅದಕ್ಕೇ ಇಟ್ಟೆ. ನೀವೇ ಅಲ್ಲೊಂದು ಚುಕ್ಕೆ ಇಟ್ಟಿದ್ರಿ, ಅದರ ಮೇಲೇ ಇಟ್ಟೆ. ಪ್ರತಿ ವರ್ಷಾನೂ."

"ಅಯ್ಯೋ ನಮ್ಮಕ್ಕ! ಸುಟ್ಟು ಹಾಕ್ಬಿಡ್ತಿದ್ನಲ್ಲ!"

"ನನ್ಯಾಕೆ ಬೈತೀಯ? ಬಣ್ಣದ ಲೆಕ್ಕ ನಮಗೆ ಯಾವತ್ತಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಬಣ್ಣ ಕರಗಿಸುವ ಥಿನ್ನರ್ ಹಾಕಿದರೆ ಅಡಿಯ ಬಣ್ಣವೂ ಹೋಗುತ್ತದೆ. ಕೆಂಪರಾಜು ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಚುಕ್ಕೆಯನ್ನು ಮೆಲ್ಲಗೆ ಒರೆಸಿದ. ಹಲವು ವರ್ಷಗಳ ಕುಂಕುಮ ಪದರ ಪದರವಾಗಿ ಬಿಟ್ಟಿತು. ಅಡಿಯಲ್ಲಿ ಅವನೇ ಇಟ್ಟಿದ್ದ ಹಳದಿ ಚುಕ್ಕೆ ಹಾಗೇ ಇತ್ತು.

ಬೋರ್ಡು ಪೂರ್ತಿ ಒಣಗುವವರೆಗೆ ಇಬ್ಬರೂ ಚಹಾ ಕುಡಿದರು. ಆಮೇಲೆ ಕೆಂಪರಾಜು ಇನ್ನೊಂದು ಪೆಟ್ಟಿಗೆ ಜೋಡಿಸಿ ಗುಬಟು ತಿರುಗಿಸಿದ. ಎಂಜಿನ್ ಒಮ್ಮೆ ತಡವರಿಸಿ ಮುಂದಕ್ಕೆ ಸರಿಯಿತು. ದೀಪ ಹತ್ತಿತು. ಮಿಕ್ಸಿ ಜಾರುಗಳ ಪಕ್ಕದಲ್ಲಿ ಹಾದು ಹಳಿಯ ತುದಿಯಲ್ಲಿ ನಿಂತಿತು.

"ಇಷ್ಟು ಮೆತ್ತಗೆ ಹೋಗುತ್ತಾ!" ಎಂದರು ಮುನಿಗಂಗಮ್ಮ. "ಹಿಂದಕ್ಕೂ ಬರುತ್ತಾ?" ಎಂದು ಕೇಳಿದರು.

ಬಂತು.

ಮುಂದಿನ ವಾರ ಬೆಸುಗೆ ಸಾಲಿನ ಇನ್ನಿಬ್ಬರು ಹೆಂಗಸರು ತಮ್ಮ ಎಂಜಿನ್‌ಗಳನ್ನು ತಂದರು. ಎರಡರ ಬೋರ್ಡಿನ ಮೇಲೂ ಕುಂಕುಮವಿತ್ತು.