ಗಾಜು ಏರಿಸಿದ ಲಾರಿ

ಬಂಡ್ರಿಯ ಹಂಪಯ್ಯ ಅದಿರು ಲಾರಿ ಓಡಿಸುತ್ತಾನೆ. ಮಗಳು ಸಂಘಮಿತ್ರಾ ಜುಡೋ ಆಟಗಾರ್ತಿ. ಸಂಡೂರಿನಲ್ಲಿ ಕಲಿತು, ತನಗಿಂತ ದಪ್ಪ ಹುಡುಗಿಯರನ್ನೂ ಎತ್ತಿ ಒಗೆಯುತ್ತಿದ್ದಳು. ಅದು ಬೇಸಿಗೆಯ ಒಂದು ದಿನ. ಮರುದಿನ ಹೊಸಪೇಟೆಯಲ್ಲಿ ರಾಜ್ಯ ತಂಡದ ಆಯ್ಕೆ ಪಂದ್ಯ. ಆದರೆ ಅವಳ ತೂಕ ಅವಳು ಆಡುವ ವರ್ಗದ ಮಿತಿಗಿಂತ ಎರಡು ಕಿಲೋ ಹೆಚ್ಚಿತ್ತು.

ಹಂಪಯ್ಯ ಮಗಳಿಗೆ ನೀರು ಕುಡಿಯುವುದನ್ನೇ ಬಿಡಿಸಿದ. ಮಳೆಗಾಲದ ಪ್ಲಾಸ್ಟಿಕ್ ಕೋಟು ತೊಡಿಸಿ, ಮಟಮಟ ಮಧ್ಯಾಹ್ನ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿ ಗಾಜು ಏರಿಸಿದ. ಬೆವರು ಸುರಿದಷ್ಟೂ ತೂಕ ಇಳಿಯುತ್ತದಂತೆ! ಯಾರು ತಲೆಗೆ ತುಂಬಿದರೋ.

ಪಕ್ಕದ ಮನೆಯ ನರ್ಸ್ ಸುಧಾರಾಣಿ ಓಡಿ ಬಂದಳು.

"ಹಂಪಣ್ಣ, ಮೊದಲು ಗಾಜು ಇಳಸ್ರಿ. ಹೋಗೂದು ಕೊಬ್ಬಲ್ಲ, ಮೈಯಾಗಿನ ನೀರು. ಕಿಡ್ನಿಗೆ ಹೊಡೀತೈತಿ, ಜೀವಾನೂ ಹೋಗ್ತೈತಿ."

"ನೀ ಸುಮ್ನಿರವಾ. ಎಲ್ಲಾರೂ ಹಿಂಗ ಮಾಡ್ತಾರ. ನಾಳೆ ತೂಕ ಹಾಕಿದಮ್ಯಾಲೆ ಕೊಡ ನೀರು ಕುಡೀಲಿ."

"ಮ್ಯಾಲಿನ ತೂಕದಾಗ ಆಡಿಸ್ರಿ. ಆಕಿಗೆ ಶಕ್ತಿ ಐತಿ."

"ಅಲ್ಲಿ ಭಾಳ ಗಟ್ಟಿ ಹುಡುಗ್ಯಾರು ಇರ್ತಾರ. ಸೋತ್ರ ನೀ ಹೋಗಿ ಆಡ್ತೀಯೇನು?"

ಒಳಗೆ ಕೂತಿದ್ದ ಸಂಘಮಿತ್ರಾ ಕೂಡ ನಗುತ್ತಾ, ಹೋಗಕ್ಕ ಎಂದು ಕೈ ಬೀಸಿದಳು.

ಸಂಜೆಗೆ ತೂಕ ಇಳಿದಿತ್ತು. ಮನೆಯವರಿಗೆಲ್ಲ ಖುಷಿಯೋ ಖುಷಿ. ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸಿಳಿದು ಹೋದವಳು ತೂಕ ಹಾಕುವ ಸಾಲಿನಲ್ಲೇ ಕುಸಿದು ಬಿದ್ದಳು. ತೂಕದ ಯಂತ್ರದವರೆಗೂ ಹೋಗಲಿಲ್ಲ.

ಜೀವ ಉಳಿಯಿತು. ಕಿಡ್ನಿ ಪೂರ್ತಿ ಸುಧಾರಿಸಲಿಲ್ಲ. ಇನ್ನು ಜುಡೋ ಬೇಡ ಎಂದರು ಡಾಕ್ಟರು. ಅಂದು ಮೇಲಿನ ವರ್ಗದಲ್ಲಿ ಗೆದ್ದವಳು ಯಾರು ಗೊತ್ತೇ? ಸಂಡೂರಿನ ಗಂಗಾಂಬಿಕಾ. ಅಭ್ಯಾಸದಲ್ಲಿ ಸಂಘಮಿತ್ರಾ ದಿನವೂ ಕೆಡವುತ್ತಿದ್ದ ಹುಡುಗಿ! ಆಸ್ಪತ್ರೆಗೆ ಬಂದು, "ನೀ ಆಡಿದ್ರ ನಾ ಗೆಲ್ತಿದ್ದಿಲ್ಲ ಬಿಡು" ಎಂದು ಅತ್ತಳು. ಸಂಘಮಿತ್ರಾ ಗೋಡೆಯ ಕಡೆ ಹೊರಳಿದಳು.

"ಸುಧಾ, ನೀ ಹೇಳಿದ್ದು ಖರೇ ಆತು," ಎಂದ ಹಂಪಯ್ಯ.

"ಈಗ ಖರೇ ಆಗಿ ಏನ್ ಮಾಡೂದಣ್ಣ?"

ಹೆತ್ತವರೇ, ಕೋಚ್‌ಗಳೇ, ತೂಕ ಇಳಿಸಲು ಮಕ್ಕಳಿಗೆ ನೀರು ಬಿಡಿಸಬೇಡಿ. ಬಿಸಿಲಲ್ಲಿ, ಪ್ಲಾಸ್ಟಿಕ್ ಸುತ್ತಿ ಬೆವರಿಸಬೇಡಿ. ಇರುವ ತೂಕದಲ್ಲೇ ಆಡಲಿ, ಸೋತರೂ ಮನೆಗೆ ನಡೆದು ಬರಲಿ. ತಲೆ ಸುತ್ತಿದರೆ, ಮೂತ್ರ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂಪಯ್ಯ ಈಗ ಅದಿರಿನ ಧೂಳು ಎಷ್ಟೇ ನುಗ್ಗಲಿ, ಲಾರಿಯ ಗಾಜು ಏರಿಸುವುದಿಲ್ಲ. ಅವನಿಗೆ ಬುದ್ಧಿ ಬಂದದ್ದು ಮಗಳ ಆಟ ಮುಗಿದ ಮೇಲೆ. ನಿಮಗೆ ಇಂದೇ ಬರಲಿ.